ರಾಬರ್ಟ್ ಬ್ರೂಸ್ ಫೂಟ್

ರಾಬರ್ಟ್ ಬ್ರೂಸ್ ಫೂಟ್ (22 ಸೆಪ್ಟೆಂಬರ್ 1834 – 29 ಡಿಸೆಂಬರ್ 1912) ಬ್ರಿಟಿಷ್ ಭೂವಿಜ್ಞಾನಿ ಹಾಗೂ ಪುರಾತತ್ತ್ವಜ್ಞರು. ಭಾರತದ ಪ್ರಾಗೈತಿಹಾಸದ ಪಿತಾಮಹರೆಂದು ಪ್ರಸಿದ್ಧರಾದ ಇವರು, ಕರ್ನಾಟಕದ ಖನಿಜ ಸಂಪತ್ತಿಗೆ ಆಶ್ರಯವಾದ ಶಿಲೆಗಳನ್ನು ಪ್ರತ್ಯೇಕವಾಗಿ ಗುರುತಿಸಿ ‘ಧಾರವಾಡ ಶಿಲಾಸಮೂಹ’ ಎಂಬ ಹೆಸರನ್ನು ನೀಡಿದರು.

ಜೀವನ ಮತ್ತು ವೃತ್ತಿ

ಫೂಟ್ ಅವರು ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ ಜನಿಸಿದರು. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯನ್ನು ಸೇರಿ, ಮೂರು ದಶಕಗಳಿಗೂ ಹೆಚ್ಚು ಕಾಲ ದಕ್ಷಿಣ ಭಾರತದಲ್ಲಿ ಸಂಚರಿಸಿ ಕೆಲಸ ಮಾಡಿದರು. 1863ರ ಮೇ 30ರಂದು ಮದರಾಸಿನ ಬಳಿಯ ಪಲ್ಲಾವರಂನಲ್ಲಿ ಅವರಿಗೆ ಹಳೆಯ ಶಿಲಾಯುಗದ ಕಲ್ಲಿನ ಆಯುಧವೊಂದು ದೊರೆಯಿತು. ಭಾರತದಲ್ಲಿ ಮಾನವನ ಇತಿಹಾಸವು ಲಿಖಿತ ದಾಖಲೆಗಳಿಗಿಂತ ಬಹಳ ಹಿಂದಿನದೆಂಬುದಕ್ಕೆ ಇದು ಆಧಾರವಾಯಿತು. ಬಳ್ಳಾರಿ ಸಮೀಪದ ಕಪ್ಪಗಲ್ಲು ಬೆಟ್ಟದಲ್ಲಿನ ನವಶಿಲಾಯುಗದ ಕಲ್ಲುಕೊಡಲಿ ತಯಾರಿಕೆಯ ನೆಲೆಯನ್ನೂ ಅವರು ವಿವರಿಸಿದ್ದಾರೆ. 1891ರಲ್ಲಿ ನಿವೃತ್ತರಾದರು.

ಧಾರವಾಡ ಶಿಲಾಸಮೂಹ

ಫೂಟ್ ಅವರಿಗಿಂತ ಮೊದಲು ದಕ್ಷಿಣ ಭಾರತದ ಪುರಾತನ ಶಿಲೆಗಳನ್ನೆಲ್ಲ ಬಹುಮಟ್ಟಿಗೆ ಒಂದೇ ಎಂದು ಎಣಿಸಲಾಗುತ್ತಿತ್ತು. ಕಪ್ಪು-ಹಸಿರು ಬಣ್ಣದ ಪದರು ಪದರಾದ ಶಿಸ್ಟ್ ಶಿಲೆಗಳು, ಸುತ್ತಲಿನ ನೈಸ್ ಶಿಲೆಗಳಿಂದ ಭಿನ್ನವಾದವೆಂದೂ ಉದ್ದನೆಯ ಪಟ್ಟಿಗಳಾಗಿ ಹರಡಿವೆಯೆಂದೂ ಅವರು ತೋರಿಸಿದರು. 1887ರಲ್ಲಿ ಮೈಸೂರು ಸಂಸ್ಥಾನದ ಚಿನ್ನದ ಪ್ರದೇಶಗಳನ್ನು ಪರಿಶೀಲಿಸಿದ ಬಳಿಕ, ಚಿನ್ನವು ಮುಖ್ಯವಾಗಿ ಈ ಶಿಲೆಗಳಲ್ಲಿಯೇ ದೊರೆಯುತ್ತದೆ ಎಂದು ಪ್ರತಿಪಾದಿಸಿದರು. ಚಿನ್ನದ ಆಸೆಯಿಂದ ಅನೇಕ ಕಂಪನಿಗಳು ಕಂಡಕಂಡಲ್ಲಿ ಹಣ ಹೂಡುತ್ತಿದ್ದ ಆ ಕಾಲದಲ್ಲಿ, ಅದಿರನ್ನು ಎಲ್ಲಿ ಹುಡುಕಬೇಕು, ಎಲ್ಲಿ ಹುಡುಕಬಾರದು ಎಂಬುದಕ್ಕೆ ಇದು ದಾರಿ ತೋರಿತು.

ಶಿವಮೊಗ್ಗ ಪ್ರದೇಶ

ಫೂಟ್ ಗುರುತಿಸಿದ ಪಟ್ಟಿಗಳಲ್ಲಿ ಧಾರವಾಡ–ಶಿವಮೊಗ್ಗ ಪಟ್ಟಿಯೂ ಒಂದು. ಶಿವಮೊಗ್ಗ ತಾಲ್ಲೂಕಿನ ಕುಂಸಿ ಇದರ ವ್ಯಾಪ್ತಿಯಲ್ಲಿದೆ. 20ನೆಯ ಶತಮಾನದ ಆರಂಭದಲ್ಲಿ ಕುಂಸಿಯ ಸುತ್ತಮುತ್ತ ಮ್ಯಾಂಗನೀಸ್ ಗಣಿಗಾರಿಕೆ ಪ್ರಾರಂಭವಾಯಿತು. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಬಾಬಾಬುಡನ್ ಶ್ರೇಣಿಯ ಕೆಮ್ಮಣ್ಣುಗುಂಡಿಯಿಂದ ಅದಿರು ಒದಗಿತು. ಅದೂ ಧಾರವಾಡ ಶಿಲೆಗಳದೇ ಕೊಡುಗೆ. ಹಿಂದೆ ಶಿವಮೊಗ್ಗ ಜಿಲ್ಲೆಗೆ ಸೇರಿದ್ದ ಚನ್ನಗಿರಿ ತಾಲ್ಲೂಕಿನ ಹನುಮಲಾಪುರದಲ್ಲಿ ಪ್ಲಾಟಿನಂ ಗುಂಪಿನ ಲೋಹಗಳು ಇತ್ತೀಚಿನ ದಶಕಗಳಲ್ಲಿ ಪತ್ತೆಯಾಗಿವೆ. ಹಾಸನ ಜಿಲ್ಲೆಯ ಬೈರಾಪುರದಲ್ಲಿ ಕ್ರೋಮ್ ಅದಿರನ್ನು ತೆಗೆಯಲಾಗುತ್ತಿತ್ತು.

ವಿವಾದ ಮತ್ತು ಮರುಮೌಲ್ಯಮಾಪನ

ನೈಸ್ ಶಿಲೆಗಳು ಹಳೆಯವು, ಅವುಗಳ ಮೇಲೆ ಧಾರವಾಡ ಶಿಲೆಗಳು ಆಮೇಲೆ ಸಂಚಯಗೊಂಡವು ಎಂಬುದು ಫೂಟ್ ಅವರ ಅಭಿಪ್ರಾಯವಾಗಿತ್ತು. ಮೈಸೂರು ಭೂವಿಜ್ಞಾನ ಇಲಾಖೆಯ ಮುಖ್ಯಸ್ಥರಾಗಿದ್ದ ಡಬ್ಲ್ಯು. ಎಫ್. ಸ್ಮೀತ್ ಇದನ್ನು ಒಪ್ಪಲಿಲ್ಲ. ಧಾರವಾಡ ಶಿಲೆಗಳೇ ಅತ್ಯಂತ ಹಳೆಯವು, ನೈಸ್ ಶಿಲೆಗಳು ಅವುಗಳೊಳಗೆ ನುಗ್ಗಿ ಬಂದವು ಎಂಬ ಸ್ಮೀತ್ ಅವರ ವಾದವೇ ಅನೇಕ ದಶಕಗಳ ಕಾಲ ಮಾನ್ಯವಾಗಿತ್ತು.

ಕ್ಷೇತ್ರಾಧ್ಯಯನ ಮತ್ತು ಶಿಲೆಗಳ ವಯೋನಿರ್ಣಯಗಳು ಮುಂದೆ ಈ ನಿಲುವನ್ನು ಬದಲಿಸಿದವು. ಶಿವಮೊಗ್ಗ ಮತ್ತು ಬಾಬಾಬುಡನ್ ಪ್ರದೇಶದ ಧಾರವಾಡ ಶಿಲೆಗಳು ಸುಮಾರು 290ರಿಂದ 260 ಕೋಟಿ ವರ್ಷಗಳಷ್ಟು ಹಳೆಯವು. ಅವುಗಳ ತಳದ ನೈಸ್ ಶಿಲೆಗಳಲ್ಲಿ 300 ಕೋಟಿ ವರ್ಷ ಮೀರಿದವೂ ಇವೆ. ಹೀಗೆ ಫೂಟ್ ಅವರ ಮುಖ್ಯ ನಿಲುವು ಮತ್ತೆ ಮನ್ನಣೆ ಪಡೆಯಿತು. ಆದರೆ ಅವರು ಒಂದೇ ಹೆಸರಿನಡಿ ತಂದಿದ್ದ ಶಿಲೆಗಳೆಲ್ಲವೂ ಒಂದೇ ಕಾಲದವಲ್ಲ ಎಂಬುದೂ ತಿಳಿದುಬಂದಿತು. ಸರಗೂರು ಸಮೂಹದಂತಹ ಇನ್ನೂ ಹಳೆಯ ಶಿಲೆಗಳನ್ನು ಈಗ ಪ್ರತ್ಯೇಕಿಸಲಾಗಿದೆ.

ಕೊನೆಯ ದಿನಗಳು

ನಿವೃತ್ತಿಯ ನಂತರ ಫೂಟ್ ಬರೋಡ ಮತ್ತು ಮೈಸೂರು ಸಂಸ್ಥಾನಗಳಿಗೆ ಭೂವಿಜ್ಞಾನಿಯಾಗಿ ಸೇವೆ ಸಲ್ಲಿಸಿ, ಸೇಲಂ ಸಮೀಪದ ಯೇರ್ಕಾಡಿನಲ್ಲಿ ನೆಲೆಸಿದರು. ಅವರ ಪ್ರಾಗೈತಿಹಾಸಿಕ ಸಂಗ್ರಹವನ್ನು 1904ರಲ್ಲಿ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯವು ಪಡೆದುಕೊಂಡಿತು. ಅವರು ಕಲ್ಕತ್ತದಲ್ಲಿ ನಿಧನರಾದರು. ಯೇರ್ಕಾಡಿನ ಹೋಲಿ ಟ್ರಿನಿಟಿ ಚರ್ಚಿನಲ್ಲಿ ಅವರ ಸ್ಮಾರಕವಿದೆ.