ಚಂದ್ರಯಾತ್ರೆಯ ಜಾದೂಗಾರ ಜಾರ್ಜ್ ಮೆಲಿಯೆಸ್

ಮಕ್ಕಳೇ, ಚಂದ್ರನ ಕಣ್ಣಿಗೆ ಗುಂಡು ನಾಟಿಕೊಂಡಿರುವ ಚಿತ್ರ ನೋಡಿದ್ದೀರಾ? ಅದು 1902ರ ‘ಚಂದ್ರಯಾತ್ರೆ’ ಎಂಬ ಫ್ರೆಂಚ್ ಮೂಕಿ ಸಿನಿಮಾದ ದೃಶ್ಯ. ಅದನ್ನು ತೆಗೆದವರು ಜಾರ್ಜ್ ಮೆಲಿಯೆಸ್.

1861ರಲ್ಲಿ ಪ್ಯಾರಿಸ್‌ನಲ್ಲಿ ಜನಿಸಿದ ಅವರು ಜಾದೂಗಾರರಾಗಿದ್ದರು. 1895ರಲ್ಲಿ ಲೂಮಿಯೇರ್ ಸಹೋದರರ ಚಲನಚಿತ್ರ ಕಂಡು ಬೆರಗಾದರು. ಬಿಸಿಲು ಒಳಬರಲೆಂದು ಗಾಜಿನ ಸ್ಟುಡಿಯೋ ಕಟ್ಟಿಸಿದರು. ಕ್ಯಾಮೆರಾ ನಿಲ್ಲಿಸಿ, ವಸ್ತು ಬದಲಿಸಿ, ಮತ್ತೆ ಓಡಿಸಿದರೆ ತೆರೆಯ ಮೇಲೆ ಮಾಯೆ!

‘ಚಂದ್ರಯಾತ್ರೆ’ಯಲ್ಲಿ ಆರು ಖಗೋಳತಜ್ಞರು ಫಿರಂಗಿ ಗುಂಡಿನೊಳಗೆ ಕುಳಿತು ಹೊರಡುತ್ತಾರೆ. ನಿಜಕ್ಕೂ ಹಾಗೆ ಹಾರಿಸಿದರೆ, ಕ್ಷಣದಲ್ಲೇ ಏರುವ ವೇಗದಿಂದ ಒಳಗಿದ್ದವರು ಬದುಕುವುದಿಲ್ಲ. ಅದಕ್ಕೇ ಹಂತಹಂತವಾಗಿ ವೇಗ ಪಡೆಯುವ ರಾಕೆಟ್ ಬೇಕು. ಆದರೆ ಮರಳುವಾಗ ಅವರು ಸಮುದ್ರಕ್ಕೆ ಬೀಳುತ್ತಾರೆ. 1969ರಲ್ಲಿ ಅಪೊಲೊ 11ರ ಯಾತ್ರಿಗಳು ಇಳಿದದ್ದೂ ಸಮುದ್ರಕ್ಕೇ!

ಮುಂದೆ ಮೆಲಿಯೆಸ್ ಸಾಲದಲ್ಲಿ ಮುಳುಗಿದರು. 1923ರಲ್ಲಿ ಬೇಸತ್ತು ತಮ್ಮಲ್ಲಿದ್ದ ಮೂಲ ಫಿಲ್ಮ್‌ಗಳನ್ನು ಸುಟ್ಟುಹಾಕಿದರು. ರೈಲು ನಿಲ್ದಾಣದಲ್ಲಿ ಆಟಿಕೆ ಮಾರಿ ಬದುಕಿದರು. ಕೊನೆಗೂ ಜನ ಅವರನ್ನು ಗುರುತಿಸಿದರು. 1931ರಲ್ಲಿ ಫ್ರಾನ್ಸ್ ದೇಶ ಪದಕ ನೀಡಿ ಗೌರವಿಸಿತು. 1938ರಲ್ಲಿ ಅವರು ತೀರಿಕೊಂಡರು. ಬೇರೆಡೆ ಉಳಿದಿದ್ದ ಪ್ರತಿಗಳಿಂದಾಗಿ ನಾವು ಇಂದೂ ಆ ಸಿನಿಮಾ ನೋಡಬಹುದು.

ಸಿನಿಮಾದ ಯಾತ್ರಿಗಳು ಬರಿಯ ಕೋಟು ತೊಟ್ಟು ಚಂದ್ರನ ಮೇಲೆ ನಡೆಯುತ್ತಾರೆ. ಅದು ಸಾಧ್ಯವೇ? ಏಕೆ? ಯೋಚಿಸಿ, ನಿಮ್ಮ ಶಿಕ್ಷಕರೊಡನೆ ಚರ್ಚಿಸಿ.