ಪತಂಗಗಳ ಬೆನ್ನು ಹತ್ತಿದ ಮೇಷ್ಟ್ರು



ಜೀವಶಾಸ್ತ್ರದಲ್ಲಿ ನರಕೋಶದ ಪಾಠವನ್ನು ನಾವೆಲ್ಲ ಓದಿದ್ದೇವೆ. ಸೋಡಿಯಂ, ಪೊಟ್ಯಾಸಿಯಂ ಅಯಾನುಗಳು ಚಾನಲ್‌ಗಳ ಮೂಲಕ ಹೋಗಿ ಬರುವುದನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೇವೆ. ಪತಂಗವು ವಾಸನೆ ಹಿಡಿಯುವುದೂ ಇಂಥ ಚಾನಲ್‌ಗಳಿಂದಲೇ ಎಂದು ತಿಳಿದಾಗ ಆ ವಿಷಯದ ಬಗ್ಗೆ ಇನ್ನಷ್ಟು ಓದತೊಡಗಿದೆ. ಹಾಗೆ ನನಗೆ ಪರಿಚಯವಾದವರು ಫ್ರಾನ್ಸಿನ ಶಾಲಾ ಮೇಷ್ಟ್ರು ಝಾನ್ ಆನ್ರಿ ಫಾಬ್ರ್.

ಫಾಬ್ರ್ ಹುಟ್ಟಿದ್ದು 1823ರ ಡಿಸೆಂಬರ್‌ನಲ್ಲಿ, ದಕ್ಷಿಣ ಫ್ರಾನ್ಸಿನ ಸಣ್ಣ ಹಳ್ಳಿಯೊಂದರ ಬಡ ಕುಟುಂಬದಲ್ಲಿ. ಹುಡುಗನಾಗಿದ್ದಾಗಲೇ ಹೊಟ್ಟೆಪಾಡಿಗೆ ದುಡಿಯಬೇಕಾಯಿತು. ವಿದ್ಯಾರ್ಥಿವೇತನ ಗಳಿಸಿ ಅವಿನ್ಯೋನ್ ನಗರದಲ್ಲಿ ಶಿಕ್ಷಕರ ತರಬೇತಿ ಪಡೆದರು. ಮೇಷ್ಟ್ರಾದ ಮೇಲೂ ಸ್ವಂತವಾಗಿ ಓದಿ ಒಂದೊಂದೇ ಪದವಿ ಸಂಪಾದಿಸಿ, 1855ರಲ್ಲಿ ಪ್ಯಾರಿಸ್‌ನಲ್ಲಿ ಡಾಕ್ಟರೇಟ್ ಪಡೆದರು. ಆದರೂ ಸಂಬಳ ಮನೆಖರ್ಚಿಗೆ ಸಾಲುತ್ತಿರಲಿಲ್ಲ.

ಅವಿನ್ಯೋನ್‌ನಲ್ಲಿ ಅವರು ಸಂಜೆ ಹೊತ್ತು ಎಲ್ಲರಿಗೂ ತೆರೆದ ವಿಜ್ಞಾನ ತರಗತಿ ನಡೆಸುತ್ತಿದ್ದರು. ಅಲ್ಲಿಗೆ ಹೆಣ್ಣುಮಕ್ಕಳೂ ಬರುತ್ತಿದ್ದರು. ಹೂವಿನಲ್ಲಿ ಬೀಜ ಹೇಗೆ ಕಟ್ಟುತ್ತದೆ ಎಂದು ಅವರ ಎದುರು ಪಾಠ ಮಾಡಿದ್ದೇ ಊರಿನ ಕೆಲವರಿಗೆ ತಪ್ಪಾಗಿ ಕಂಡಿತು. ಕೊನೆಗೆ ಫಾಬ್ರ್ ಕೆಲಸವನ್ನೂ ಬಾಡಿಗೆ ಮನೆಯನ್ನೂ ಬಿಡಬೇಕಾಯಿತು. ಆಗ ಕೈ ಹಿಡಿದವರು ಇಂಗ್ಲೆಂಡಿನ ಚಿಂತಕ ಜಾನ್ ಸ್ಟುವರ್ಟ್ ಮಿಲ್. ಅವರು ಕೊಟ್ಟ ಸಾಲದಿಂದ ಸಂಸಾರ ಬೇರೆ ಊರಿಗೆ ಹೋಯಿತು. ಮಕ್ಕಳಿಗಾಗಿ ವಿಜ್ಞಾನದ ಪುಸ್ತಕಗಳನ್ನು ಬರೆದು ಫಾಬ್ರ್ ಜೀವನ ಸಾಗಿಸಿದರು. 1879ರಲ್ಲಿ ಸೆರಿನ್ಯಾನ್ ಎಂಬಲ್ಲಿ ಕಲ್ಲುಮುಳ್ಳಿನ ಜಮೀನಿದ್ದ ಒಂದು ಮನೆ ಕೊಂಡರು. ಬೇರೆಯವರಿಗೆ ಪಾಳು ನೆಲವಾಗಿದ್ದ ಆ ಜಾಗವೇ ಅವರ ಪ್ರಯೋಗಾಲಯವಾಯಿತು.

ಒಂದು ಮೇ ತಿಂಗಳ ಬೆಳಿಗ್ಗೆ ಅಲ್ಲಿ ದೊಡ್ಡ ನವಿಲು ಪತಂಗದ ಹೆಣ್ಣೊಂದು ಗೂಡಿನಿಂದ ಹೊರಬಂತು. ಫಾಬ್ರ್ ಅದನ್ನು ತಂತಿ ಬಲೆಯ ಮುಚ್ಚಳದಡಿ ಇಟ್ಟರು. ರಾತ್ರಿ ನೋಡಿದರೆ ಕತ್ತಲೆಯನ್ನು ಸೀಳಿಕೊಂಡು ಸುಮಾರು 40 ಗಂಡು ಪತಂಗಗಳು ಮನೆಯೊಳಗೆ ಬಂದಿದ್ದವು. ಇವುಗಳಿಗೆ ದಾರಿ ತೋರಿಸಿದ್ದು ಯಾವುದು?

ಗರಿಯಂತಿರುವ ಕುಡಿಮೀಸೆಗಳ ಮೇಲೆ ಅವರಿಗೆ ಅನುಮಾನ ಬಂತು. ಕೆಲವು ಗಂಡುಗಳ ಕುಡಿಮೀಸೆ ಕತ್ತರಿಸಿ ನೋಡಿದರು. ಅವು ಮರಳಿ ಬಂದದ್ದು ಅಪರೂಪ. ಇಷ್ಟಕ್ಕೇ ಉತ್ತರ ಸಿಕ್ಕಿತೆಂದು ಬರೆದುಬಿಡಬಹುದಿತ್ತು. ಆದರೆ ಅವರು ಇನ್ನು ಕೆಲವು ಗಂಡುಗಳ ಕುಡಿಮೀಸೆ ಮುಟ್ಟದೆ, ಮೈಯ ರೋಮ ಮಾತ್ರ ಸ್ವಲ್ಪ ತೆಗೆದು ಬಿಟ್ಟರು. ಅವುಗಳಲ್ಲೂ ಮರಳಿದ್ದು ಕೆಲವೇ. ಆ ಪತಂಗಗಳ ಆಯುಸ್ಸೇ ಕೆಲವು ದಿನ. ಆದ್ದರಿಂದ ಈ ಪ್ರಯೋಗದಿಂದ ಏನೂ ಸಾಬೀತಾಗಲಿಲ್ಲ ಎಂದೇ ಅವರು ದಾಖಲಿಸಿದರು.

ಮುಂದೆ ಇನ್ನೊಂದು ಜಾತಿಯ ಪತಂಗದಿಂದ ಸುಳಿವು ಸಿಕ್ಕಿತು. ಹೆಣ್ಣನ್ನು ಗಾಜಿನ ಪಾತ್ರೆಯಡಿ ಎದುರಿಗೇ ಕಾಣುವಂತೆ ಇಟ್ಟರು. ಹಿಂದಿನ ರಾತ್ರಿ ಅದು ಇದ್ದ ಖಾಲಿ ಗೂಡನ್ನು ಮೂಲೆಯಲ್ಲಿಟ್ಟರು. ಬಂದ ಗಂಡುಗಳು ಕಣ್ಣೆದುರಿನ ಹೆಣ್ಣನ್ನು ಬಿಟ್ಟು ಖಾಲಿ ಗೂಡಿಗೇ ಮುತ್ತಿದವು. ಅಂದರೆ ಅವು ಅರಸಿ ಬಂದದ್ದು ಕಣ್ಣಿಗೆ ಕಂಡ ರೂಪವನ್ನಲ್ಲ, ಹೆಣ್ಣು ಬಿಟ್ಟುಹೋಗಿದ್ದ ವಾಸನೆಯನ್ನು.

ಆ ವಾಸನೆಯ ರಹಸ್ಯ ಬಿಡಿಸಿದವರು ನಂತರದವರು. 1959ರಲ್ಲಿ ಜರ್ಮನಿಯ ಬ್ಯುಟೆನಾಂಟ್ ಮತ್ತು ಸಂಗಡಿಗರು ಸುಮಾರು 5 ಲಕ್ಷ ಹೆಣ್ಣು ರೇಷ್ಮೆ ಪತಂಗಗಳಿಂದ ಬಾಂಬಿಕಾಲ್ ಎಂಬ ರಾಸಾಯನಿಕವನ್ನು ಬೇರ್ಪಡಿಸಿದರು. ನಮ್ಮ ರಾಮನಗರ, ಶಿಡ್ಲಘಟ್ಟದ ಮಾರುಕಟ್ಟೆಗೆ ಬರುವ ಗೂಡುಗಳನ್ನು ನೇಯುವುದೂ ಇದೇ ಜಾತಿಯ ಹುಳು. ಗಂಡಿನ ಕುಡಿಮೀಸೆಯ ಸೂಕ್ಷ್ಮ ಕೂದಲುಗಳಲ್ಲಿ ರಂಧ್ರಗಳಿವೆ. ವಾಸನೆಯ ಅಣು ಅದರೊಳಗೆ ನುಸುಳಿ, ಒಂದು ಪ್ರೋಟೀನಿನ ನೆರವಿನಿಂದ ನರಕೋಶದ ಗ್ರಾಹಕವನ್ನು ತಲುಪುತ್ತದೆ. 2008ರಲ್ಲಿ ಪ್ರಕಟವಾದ ಸಂಶೋಧನೆಗಳು ಕೀಟಗಳ ಈ ಗ್ರಾಹಕ, ಆರ್ಕೊ ಎಂಬ ಜೊತೆಗಾರ ಪ್ರೋಟೀನಿನೊಂದಿಗೆ ಸೇರಿ, ತಾನೇ ಅಯಾನ್ ಚಾನಲ್ ಆಗುತ್ತದೆಂದು ತೋರಿಸಿದವು. ಅಣು ಕುಳಿತೊಡನೆ ಬಾಗಿಲು ತೆರೆಯುತ್ತದೆ. ಧನ ಅಯಾನುಗಳು ಒಳನುಗ್ಗುತ್ತವೆ. ವಿದ್ಯುತ್ ಸಂಕೇತ ಮಿದುಳಿಗೆ ಓಡುತ್ತದೆ.

ಫಾಬ್ರ್ 1915ರ ಅಕ್ಟೋಬರ್‌ನಲ್ಲಿ, 91ನೇ ವಯಸ್ಸಿನಲ್ಲಿ ತೀರಿಕೊಂಡರು. ಅಯಾನ್ ಚಾನಲ್ ಎಂಬ ಹೆಸರನ್ನೂ ಅವರು ಕೇಳಿರಲಿಲ್ಲ. ಕುಡಿಮೀಸೆಯ ಬಗ್ಗೆ ಅವರ ಅನುಮಾನ ಸರಿಯೇ ಇತ್ತು. ಆದರೂ ಸಾಕ್ಷಿ ಸಾಲದೆಂದು ಅದನ್ನು ಅನುಮಾನವಾಗಿಯೇ ಉಳಿಸಿದರು. ನಾನು ಅವರನ್ನು ಹೆಚ್ಚು ಗೌರವಿಸುವುದು ಇದಕ್ಕಾಗಿ. ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ಪುಸ್ತಕದ ಉತ್ತರಕ್ಕೆ ಹೊಂದುವ ರೀಡಿಂಗ್ ಬರೆಯುವುದು ಸುಲಭ, ಬಂದ ರೀಡಿಂಗನ್ನೇ ಬರೆಯಲು ಧೈರ್ಯ ಬೇಕು. ಆ ಧೈರ್ಯಕ್ಕೆ ದೊಡ್ಡ ಲ್ಯಾಬ್ ಬೇಕಿಲ್ಲ, ಸ್ನೇಹಿತರೇ.