ಮಾಸಿದ ಟೋಪಿಯ ದೊರೆ



ಸೇಡಂ ಸೀಮೆಗೆ ಪುರಾಣ ಮಂಗಲಕ್ಕೆ ಹೋದಾಗಲೆಲ್ಲ ನಿಜಾಮನ ಕಥೆ ಕೇಳದೆ ನಾವು ಮರಳಿದ್ದಿಲ್ಲ. ಕಟ್ಟೆಯ ಮೇಲಿನ ಹಿರಿಯರಲ್ಲಿ ಒಬ್ಬರು ಆತ ಮಹಾ ಜಿಪುಣನೆನ್ನುತ್ತಾರೆ, ಮತ್ತೊಬ್ಬರು ಫಕೀರನಂಥ ದೊರೆಯೆನ್ನುತ್ತಾರೆ. ಚಿತ್ತಾಪುರ, ಚಿಂಚೋಳಿ, ಶಹಾಬಾದ, ವಾಡಿ ಎಲ್ಲವೂ ಆತನ ರಾಜ್ಯದೊಳಗಿದ್ದ ಊರುಗಳು. ಆ ಬದುಕನ್ನು ಒಮ್ಮೆ ನೆಟ್ಟಗೆ ನೋಡುವುದು ಲೇಸು.

ಮೀರ್ ಉಸ್ಮಾನ್ ಅಲಿ ಖಾನ್ 1886ರಲ್ಲಿ ಜನಿಸಿ, 1911ರಲ್ಲಿ ಹೈದರಾಬಾದಿನ ಏಳನೆಯ ನಿಜಾಮನಾಗಿ ಪಟ್ಟವೇರಿದ. ತಂದೆ ಮಹಬೂಬ್ ಅಲಿ ಖಾನ್ ಉಡುಗೆತೊಡುಗೆಗಳ ದೊಡ್ಡ ಮೋಜುಗಾರ. ಆತ ತೀರಿದ ಮೇಲೆ ಹಳೆಯ ಜೋಡಿನ ತುದಿಯಲ್ಲಿ ಸುಮಾರು 185 ಕ್ಯಾರೆಟ್ಟಿನ ಜೇಕಬ್ ವಜ್ರ ಮಗನಿಗೆ ಸಿಕ್ಕಿತಂತೆ. ಮಗ ಅದನ್ನು ಮೇಜಿನ ಮೇಲಿನ ಕಾಗದ ಹಾರದಂತೆ ಇಡುವ ಗುಂಡುಕಲ್ಲು ಮಾಡಿಕೊಂಡ! 1937ರಲ್ಲಿ ಅಮೆರಿಕದ ಟೈಮ್ ಪತ್ರಿಕೆ ಜಗತ್ತಿನ ಅತ್ಯಂತ ಶ್ರೀಮಂತನೆಂದು ಆತನ ಚಿತ್ರವನ್ನು ಮುಖಪುಟದಲ್ಲಿ ಅಚ್ಚುಹಾಕಿತು. ಆ ಶ್ರೀಮಂತನ ಮೈಮೇಲೆ ಸುಕ್ಕುಗಟ್ಟಿದ ಶೇರವಾನಿ, ತಲೆಯ ಮೇಲೆ ವರ್ಷಗಟ್ಟಲೆ ಬದಲಾಗದ ಮಾಸಿದ ಟೋಪಿ. ಅತಿಥಿಗಳು ಸೇದಿ ಬಿಟ್ಟ ಸಿಗರೇಟಿನ ತುಂಡನ್ನೂ ಬಿಡುತ್ತಿರಲಿಲ್ಲವೆಂಬ ಕಥೆಯಿದೆ. ಅದಕ್ಕೆ ನಾವು ಹೊಣೆಯಲ್ಲ.

ಇದನ್ನು ವೈರಾಗ್ಯವೆನ್ನೋಣವೇ? ನಮ್ಮ ಮನಸ್ಸು ಒಪ್ಪದು. ದರ್ಶನಕ್ಕೆ ಬಂದವರಿಂದ ನಜರಾನೆಯ ಅಶರ್ಫಿಯನ್ನು ತಪ್ಪದೆ ತೆಗೆದುಕೊಳ್ಳುತ್ತಿದ್ದ ಕೈ ಅದು. ವಿರಕ್ತನು ಬಿಡುತ್ತಾನೆ, ಈತ ಬಳಸದೆ ಕೂಡಿಟ್ಟ.

ಹಾಗೆಂದು ಕೊಡಲೇ ಇಲ್ಲವೆಂದರೆ ಸುಳ್ಳಾದೀತು. 1908ರ ಮೂಸಿ ನದಿಯ ಮಹಾಪೂರ ಮತ್ತೆ ಬಾರದಂತೆ ಆತನ ಕಾಲದಲ್ಲಿ ಉಸ್ಮಾನ್ ಸಾಗರ ಕಟ್ಟಲಾಯಿತು. ಕಾಶಿಯ ಹಿಂದೂ ವಿಶ್ವವಿದ್ಯಾಲಯಕ್ಕೂ, ಪುಣೆಯಲ್ಲಿ ಮಹಾಭಾರತ ಸಂಪಾದಿಸುತ್ತಿದ್ದ ಭಾಂಡಾರಕರ ಸಂಸ್ಥೆಗೂ ಹಣ ಕೊಟ್ಟ. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ತೆರೆದು, ಇಂಗ್ಲಿಷಿನ ಕಾಲದಲ್ಲಿ ಉರ್ದುವಿನಲ್ಲಿ ಉನ್ನತ ವಿದ್ಯೆ ಕಲಿಸಿದ. ದೊಡ್ಡ ಧೈರ್ಯವದು. ಆದರೆ ಕನ್ನಡ, ತೆಲುಗು, ಮರಾಠಿ ಆಡುವ ಪ್ರಜೆಗಳೇ ಹೆಚ್ಚಾಗಿದ್ದ ರಾಜ್ಯದಲ್ಲಿ ಆ ಭಾಗ್ಯ ಅವರ ನುಡಿಗಳಿಗೆ ಬರಲಿಲ್ಲ. ನೃಪತುಂಗನ ಮಳಖೇಡ ಇರುವುದು ಇದೇ ಸೇಡಂ ತಾಲೂಕಿನಲ್ಲಿ. ಅಂಥ ನೆಲದ ಮಕ್ಕಳು ಉರ್ದುವಿನಲ್ಲಿ ಓದಿ ಮುಂದೆ ಬರಬೇಕಾಯಿತು.

ರಜಾಕಾರರ ಹಾವಳಿಯನ್ನು ನಮ್ಮ ಹಿರಿಯರಿಗೆ ನಾವು ಹೇಳಬೇಕಾಗಿಲ್ಲ. 1947–48ರಲ್ಲಿ ಎಷ್ಟೋ ಮನೆಗಳವರು ಮಕ್ಕಳುಮರಿ ಕಟ್ಟಿಕೊಂಡು ಗಡಿ ದಾಟಿದರು. ದೊರೆ ಖಾಸಿಂ ರಜವಿಯ ಪಡೆಯನ್ನು ಹಿಡಿದು ನಿಲ್ಲಿಸಲಿಲ್ಲ. 1948ರ ಸೆಪ್ಟೆಂಬರ್ 17ರಂದು ಆತನ ಸೈನ್ಯ ಶರಣಾಯಿತು. ಅದೇ ತಿಂಗಳಲ್ಲಿ ಸುಮಾರು 10 ಲಕ್ಷ ಪೌಂಡು ಲಂಡನ್ನಿನಲ್ಲಿದ್ದ ಪಾಕಿಸ್ತಾನದ ಹೈಕಮಿಷನರರ ಖಾತೆಗೆ ಹೋಗಿತ್ತು. ಆ ವ್ಯಾಜ್ಯ ಭಾರತ ಮತ್ತು ವಾರಸುದಾರರ ಪರವಾಗಿ ತೀರಿದ್ದು 2019ರಲ್ಲಿ.

1965ರಲ್ಲಿ ದೇಶಕ್ಕೆ ಐದು ಟನ್ ಬಂಗಾರ ದಾನ ಮಾಡಿದನೆಂದು ಹಲವರು ಹೇಳುತ್ತಾರೆ. ದಾಖಲೆಯಲ್ಲಿರುವುದು 425 ಕಿಲೋ. ಅದೂ ದಾನವಲ್ಲ, ಬಡ್ಡಿ ಬರುವ ಸರ್ಕಾರಿ ಯೋಜನೆಯಲ್ಲಿ ಇಟ್ಟದ್ದು. 1967ರ ಫೆಬ್ರುವರಿ 24ರಂದು ಆತ ತೀರಿದಾಗ ಹೈದರಾಬಾದಿನ ಬೀದಿಗಳಲ್ಲಿ ಜನ ಕಿಕ್ಕಿರಿದಿದ್ದರು. 1995ರಲ್ಲಿ ಭಾರತ ಸರ್ಕಾರ 218 ಕೋಟಿ ರೂಪಾಯಿಗೆ ಆ ಮನೆತನದ ಆಭರಣಗಳನ್ನು ಕೊಂಡಿತು. ಮೇಜಿನ ಮೇಲಿನ ಆ ಗುಂಡುಕಲ್ಲೂ ಅವುಗಳ ಜೊತೆಗೆ ರಿಸರ್ವ್ ಬ್ಯಾಂಕಿನ ಖಜಾನೆ ಸೇರಿತು.